ಹಿಂಬಾಗಿಲಿನ ಹತ್ತೊಂಬತ್ತು ಸೆಕೆಂಡು

ಫೆಬ್ರವರಿ 4, ಮಂಗಳವಾರ

ಗೇರುಬೀಜದ ಕಂಪನಿಯವರು ಕೊಡುತ್ತೇವೆ ಎಂದದ್ದು: ಹಾಜರಿ ಪುಸ್ತಕದ ನಕಲು. ಕ್ಯಾಮೆರಾದ ರೆಕಾರ್ಡಿಂಗ್. ಬಾಯ್ಲರಿನ ತಪಾಸಣೆ ವರದಿ. ಸೇಸಮ್ಮ ನಮ್ಮಲ್ಲಿ ಕೆಲಸ ಮಾಡುತ್ತಿದ್ದಾಗ ತೀರಿಕೊಂಡರು ಎಂದು ಮಗಳ ಕೈಗೆ ಒಂದು ಕಾಗದ.

ಇಲ್ಲ ಎಂದದ್ದು: ಹಾಜರಿಯಲ್ಲಿ ಅವಳ ಹೆಸರು ಇಲ್ಲ. ಕ್ಯಾಮೆರಾ ಅಂದು ಕೆಟ್ಟಿತ್ತು. ವರದಿ ಇನ್ನೂ ಬಂದಿಲ್ಲ. ಕಾಗದ ಕೊಡಲಾಗದು, ಜನವರಿ 18ರಂದು ಆಕೆ ಕೆಲಸಕ್ಕೇ ಬಂದಿರಲಿಲ್ಲ, ಅನುಮತಿ ಇಲ್ಲದೆ ಒಳಗೆ ನುಗ್ಗಿದ್ದಳು. ಬೇಯಿಸುವ ಶೆಡ್ಡಿನ ಹಿಂಬಾಗಿಲಿಗೆ ಹೊರಗಿನಿಂದ ಚಿಲಕವೇ ಇಲ್ಲ.

ಚಿಲಕ ಇತ್ತು. ಈಗ ಇಲ್ಲ. ತಿರುಪಿನ ರಂಧ್ರಗಳಿಗೆ ಪುಟ್ಟಿ ಬಳಿದು ಬಣ್ಣ ಹೊಡೆದಿದ್ದಾರೆ. ಸೇಸಮ್ಮನ ಜೊತೆ ಕೆಲಸ ಮಾಡುತ್ತಿದ್ದ ಕಾಂತಿಯಕ್ಕ ಬೆರಳಿಟ್ಟು ನೋಡಿ ಬಂದರಂತೆ.

ಇಪ್ಪತ್ತೆರಡು ವರ್ಷ ಗೇರುಬೀಜ ಒಡೆದವಳು. ಬೀಜದ ಎಣ್ಣೆ ಹಿಡಿದ ಕೈಯ ಕಪ್ಪು ಹೋಗುವ ಮೊದಲೇ ಹೆಸರು ಹೋಯಿತು.

ಮೆಲ್ಕಾರಿನಲ್ಲಿ ಕಾರ್ಮಿಕ ಸಂಘದ ಸಭೆ. ಕಾರ್ಯದರ್ಶಿ ತುಕ್ರಪ್ಪಣ್ಣ ನನ್ನ ಕೈಗೆ ಪೆನ್‌ಡ್ರೈವ್ ಇಟ್ಟರು. "ಜ್ಯೋತ್ಸ್ನಾ, ನೀನು ಮದುವೆ ವೀಡಿಯೋ ಮಾಡುವವಳಲ್ವಾ? ಇದ್ರಲ್ಲಿ ಎಂತ ಉಂಟು ನೋಡು. ನಮಗೆ ರಂಗೋಲಿ ಮಾತ್ರ ಕಾಣ್ತದೆ."

ಫೆಬ್ರವರಿ 5, ಮಧ್ಯಾಹ್ನ

ಬಿ.ಸಿ.ರೋಡಿನ ಸ್ಟುಡಿಯೋ. ಎಡಿಟಿಂಗ್ ರೂಮಿಗೆ ಕಿಟಕಿ ಇಲ್ಲ. ಹೊರಗೆ ಬಸ್ಸಿನ ಕಂಡಕ್ಟರುಗಳ ಕೂಗು, ಒಳಗೆ ಫ್ಯಾನಿನ ಸದ್ದು.

ಹತ್ತೊಂಬತ್ತು ಸೆಕೆಂಡು. ಅಕ್ಷಿತಾ ಹಾಕಿದ ವಾಟ್ಸಾಪ್ ಸ್ಟೇಟಸ್. ಪೀಲಿಂಗ್ ಸೆಕ್ಷನ್ನಿನ ಹುಡುಗಿ, ಇಪ್ಪತ್ತು ವರ್ಷ. ಜನವರಿ 18ರ ಬೆಳಿಗ್ಗೆ 10.15ಕ್ಕೆ ಹಾಕಿದ್ದು, ಬಾಯ್ಲರಿನ ಪೈಪು ಒಡೆದು ಹಬೆ ಸೇಸಮ್ಮನ ಮೇಲೆ ನುಗ್ಗಿದ್ದು 10.40ಕ್ಕೆ. ಚಂದ ಉಂಟು ಎಂದು ಕಾಂತಿಯಕ್ಕ ಇಳಿಸಿಕೊಂಡಿದ್ದರು. ಮೂಲ ವೀಡಿಯೋವನ್ನು ಅಕ್ಷಿತಾ ಅಂದೇ ಅಳಿಸಿದ್ದಾಳೆ. ಉಳಿದಿರುವುದು ಇದೊಂದೇ.

ಫ್ಯಾಕ್ಟರಿಯೊಳಗೆ ಫೋನಿಗೆ ನಿಷೇಧ. ಜಾಗದ ಗುರುತು ಸಿಗಬಾರದೆಂದು ಕೆಲಿಡೋಸ್ಕೋಪ್ ಎಫೆಕ್ಟ್ ಹಾಕಿದ್ದಾಳೆ, ಮೇಲಿಂದ ಬ್ಲರ್, ಹಾಡು ಬೇರೆ. ಬಳೆ ಚೂರು ಹಾಕಿದ ಕನ್ನಡಿ ಕೊಳವೆಯಲ್ಲಿ ಸಣ್ಣವರಿದ್ದಾಗ ನೋಡುತ್ತಿದ್ದೆವಲ್ಲ, ಹಾಗೆ. ಆರು ಎಸಳಿನ ಹೂವು ಅರಳುತ್ತದೆ, ಮುಚ್ಚುತ್ತದೆ. ಬೂದು, ಕಂದು, ಬಿಳಿ ಹಬೆ.

ಹದಿನಾಲ್ಕು ಸಲ ನೋಡಿದೆ. ಹದಿನೈದನೆಯ ಸಲ ಎಸಳು ಎಸಳಲ್ಲ ಎಂದು ಗೊತ್ತಾಯಿತು. ಕೈ. ಆರು ಕಪ್ಪು ಕೈ. ಆರೂ ಹೆಬ್ಬೆರಳಿಗೆ ಪಟ್ಟಿ. ಆರು ಹೆಂಗಸರು ಸುತ್ತ ನಿಂತು ಒಟ್ಟಿಗೇ ನಡುವಿಗೆ ನಡೆದು ಬರುತ್ತಾರೆ. ನಡುವಿನಲ್ಲಿ ಒಂದಾಗಿ... ಇಲ್ಲವಾಗುತ್ತಾರೆ.

ಫ್ಯಾನ್ ನಿಲ್ಲಿಸಿದೆ. ಚಳಿಯಾಗಿತ್ತು. ಫೆಬ್ರವರಿಯ ಮಧ್ಯಾಹ್ನ ಎರಡು ಗಂಟೆಗೆ.

ಫೆಬ್ರವರಿ 7

ಕಾಂತಿಯಕ್ಕನಿಗೆ ವೀಡಿಯೋದ ಆ ಕೈ ತೋರಿಸಿದೆ. ಅವರು ಸ್ಕ್ರೀನ್ ಮುಟ್ಟಿದರು. "ಈ ಪಟ್ಟಿ ನಾನು ಕಟ್ಟಿದ್ದು! ಆ ದಿನ ಒಂಬತ್ತು ಗಂಟೆಗೆ ಕತ್ತಿ ತಾಗಿತು ಸೇಸಮ್ಮನಿಗೆ. ನನ್ನ ಹಳೆ ನೈಟಿಯ ಹಸಿರು ತುಂಡು. ಉಳಿದ ತುಂಡು ಮನೆಯಲ್ಲಿ ಉಂಟು."

"ಆ ದಿನವೇ?"

"ಮತ್ತೆ ಯಾವ ದಿನ ಮಾರಾಯ್ತಿ? ಮರುದಿನ ಅವಳಿಗೆ ಕೈಯೇ ಇರ್ಲಿಲ್ಲ."

ಹೇಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಫೆಬ್ರವರಿ 8

ಬ್ಲರ್ ತುಂಬಿದ ಆರು ಕೈಯನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ. ಶೆಡ್ಡು ಕಾಣಬೇಕು. ಹೆಂಗಸು ಕಾಣಬೇಕು. ಬಾಗಿಲು ಕಾಣಬೇಕು.

ದಾರಿ ಉಂಟು. ಈ ಎಫೆಕ್ಟ್ ಇಡೀ ಚಿತ್ರದಿಂದ ಕಲ್ಲಂಗಡಿ ಹೋಳಿನಂಥ ಒಂದು ತುಂಡನ್ನು ಮಾತ್ರ ಎತ್ತಿಕೊಳ್ಳುತ್ತದೆ. ಅದನ್ನೇ ಆರು ಸಲ ಮಗುಚಿ ಜೋಡಿಸುತ್ತದೆ, ಉಳಿದದ್ದನ್ನು ಎಸೆಯುತ್ತದೆ. ಆದರೆ ಅಕ್ಷಿತಾಳ ಕೈ ಅಲುಗುತ್ತಿತ್ತು. ಹೋಳು ಶೆಡ್ಡಿನ ಮೇಲೆಲ್ಲ ಹರಿದಾಡಿದೆ. 570 ಫ್ರೇಮು. ಪ್ರತಿಯೊಂದರಿಂದ ಒಂದೊಂದು ಹೋಳು ಬಿಡಿಸಿ ಅದರ ಜಾಗದಲ್ಲಿ ಕೂರಿಸಿದರೆ...

ಸ್ಟುಡಿಯೋದ ಯಜಮಾನರು ಹನೀಫಾಕ. ವಿಷಯ ಹೇಳಿದೆ. "ಎರಡು ಮದುವೆಯ ಆಲ್ಬಂ ಬಾಕಿ ಉಂಟು" ಎಂದರು. ಆಮೇಲೆ ಬಾಗಿಲ ಹತ್ತಿರ ನಿಂತು, "ಮದುಮಗಳು ಕಾಯ್ತಾಳೆ, ತೊಂದರೆ ಇಲ್ಲ. ನೀನು ಮಾಡು" ಎಂದರು.

ಫೆಬ್ರವರಿ 13

ಐದು ದಿನ. ಕಣ್ಣು ಮುಚ್ಚಿದರೂ ಎಸಳು ತಿರುಗುತ್ತದೆ. ಬಸ್ಸಿನ ಚಕ್ರ, ಹೋಟೆಲಿನ ನೀರುದೋಸೆ, ಎಲ್ಲಕ್ಕೂ ಆರು ಹೋಳು.

ಶೆಡ್ಡು ಬಂತು. ಬಾಯ್ಲರಿನ ಪೈಪು ಬಂತು, ಸೋರುವ ಕೀಲಿನ ಸುತ್ತ ಕಟ್ಟಿದ ಗೋಣಿಯ ಸಮೇತ. ಅಕ್ಷಿತಾ ಹೊರಗಿನ ಓಣಿಯಲ್ಲಿ ನಿಂತು ಸರಳಿನ ಕಿಟಕಿಯಿಂದ ತೆಗೆದಿದ್ದಾಳೆ. ಒಳಗೆ ಸೇಸಮ್ಮ. ಏಪ್ರನ್, ಕಪ್ಪು ಕೈ, ಹಸಿರು ಪಟ್ಟಿ. ಅನುಮತಿ ಇಲ್ಲದೆ ನುಗ್ಗಿದವಳು ಏಪ್ರನ್ ಕಟ್ಟಿ ಬೀಜದ ಗೋಣಿ ಎಳೆಯುತ್ತಾಳೇನು? ಥೂ.

ಮುಖ ಇಲ್ಲ. ಕತ್ತಿನ ಮೇಲೆ ಮುಕ್ಕೋನದ ಖಾಲಿ ಜಾಗ. ಯಾವ ಫ್ರೇಮಿನ ಹೋಳೂ ಅಲ್ಲಿಗೆ ತಲುಪಿಲ್ಲ.

ಕೊನೆಯ ಎರಡು ಸೆಕೆಂಡಿನಲ್ಲಿ ಫೋನು ಬಲಕ್ಕೆ ತಿರುಗುತ್ತದೆ. ಹಿಂಬಾಗಿಲು. ಚಿಲಕ. ಚಿಲಕ ಎಳೆಯುವ ಒಂದು ಕೈ. ಮದರಂಗಿ ಹಚ್ಚಿದ ಕೈ.

ವೀಡಿಯೋ ತೆಗೆದವಳದ್ದೇ ಕೈ.

ಫೆಬ್ರವರಿ 14, ಬೆಳಿಗ್ಗೆ 10

ಹೋಳುಗಳೆಲ್ಲ ಸೇರಿ ವೀಡಿಯೋ ಆಗಲಿ ಎಂದು ರಾತ್ರಿ ರೆಂಡರಿಗೆ ಇಟ್ಟು ಹೋಗಿದ್ದೆ. ಬಂದು ತೆರೆದೆ. ಖಾಲಿ ಜಾಗ ತುಂಬಿದೆ.

ಮುಖ ಉಂಟು.

ಹನೀಫಾಕನನ್ನು ಕೂಗಿದೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಫಿಲ್ ಆನ್ ಇಟ್ಟಿದ್ದೀ ನೀನು. ಆಚೀಚೆ ನೋಡಿ ಸಾಫ್ಟ್‌ವೇರೇ ಹೊಲಿದ ಮುಖ ಇದು."

ಹೌದು, ಟಿಕ್ ತೆಗೆಯಲು ಮರೆತಿದ್ದೆ. ಆದರೆ ಆಚೀಚೆ ಇರುವುದು ಗೋಡೆ, ಹಬೆ, ಗೋಣಿ. ಇನ್ನೊಂದು ಮುಖವೇ ಇಲ್ಲ. ಯಾವುದನ್ನು ನೋಡಿ ಹೊಲಿಯಿತು? ಹನೀಫಾಕ ಮತ್ತೆ ಆ ಕಡೆ ನೋಡಲಿಲ್ಲ.

ಮುಖ ಕ್ಯಾಮೆರಾ ನೋಡುತ್ತಿಲ್ಲ. ಚಿಲಕ ನೋಡುತ್ತಿದೆ.

ಫೆಬ್ರವರಿ 15

ವಿಸ್ಮಿತಾ ಬಂದಳು. ಸೇಸಮ್ಮನ ಮಗಳು. ಮೂಡುಬಿದಿರೆಯ ಬಟ್ಟೆ ಅಂಗಡಿಯಲ್ಲಿ ಕೆಲಸ, ಅರ್ಧ ದಿನ ರಜೆ ಹಾಕಿ ಬಂದಿದ್ದಾಳೆ. ಮುಖ ತೋರಿಸಬಾರದೆಂದು ವಿಂಡೋ ಮುಚ್ಚಿದ್ದೆ. ಮುಚ್ಚಿದ್ದು ಖಂಡಿತ. ಅವಳು ಕುಳಿತಾಗ ಅದು ತೆರೆದಿತ್ತು.

ಅಳಲಿಲ್ಲ. "ಅಮ್ಮ" ಎಂದಳು, ಮನೆಗೆ ಬಂದವರನ್ನು ಕರೆದ ಹಾಗೆ.

"ಇದು ನಿಜವಾದದ್ದಲ್ಲ ವಿಸ್ಮಿತಾ. ಮೆಷಿನು ಊಹೆ ಮಾಡಿದ್ದು. ನಾನು ತೆಗಿತೇನೆ."

"ಮೂಗುಬೊಟ್ಟು ನೋಡಿ ಅಕ್ಕ. ಕಲ್ಲು ಇಲ್ಲ. ಆ ದಿನ ಬೆಳಿಗ್ಗೆ ಸ್ನಾನ ಮಾಡುವಾಗ ಬಿದ್ದದ್ದು. ನಾನೂ ಅಮ್ಮನೂ ಬಾತ್‌ರೂಮಿನಲ್ಲಿ ಹುಡುಕಿದ್ದೆವು, ನಾವಿಬ್ಬರೇ. ಮೆಷಿನಿಗೆ ಯಾರು ಹೇಳಿದ್ದು?"

ನಾನು ಸೇಸಮ್ಮನನ್ನು ನೋಡಿದವಳಲ್ಲ. ಸಂಘದ ಪೋಸ್ಟರಿನಲ್ಲಿರುವ ಚಿತ್ರದಲ್ಲಿ ಕಲ್ಲು ಹೊಳೆಯುತ್ತಿದೆ.

"ತೆಗೀಬೇಡಿ ಅಕ್ಕ. ಅವರು ಇಲ್ಲ ಇಲ್ಲ ಅಂತ ಹೇಳಿ ಹೇಳಿ ನನಗೇ ಅಮ್ಮನ ಮುಖ ಮರೀತಾ ಉಂಟು."

ಅವಳು ಎದ್ದು ಹೋಗುವವರೆಗೆ ವಿಂಡೋ ತೆರೆದೇ ಇಟ್ಟೆ.  

ಫೆಬ್ರವರಿ 17

ಫಿಲ್ ಆಫ್ ಮಾಡಿ ರೆಂಡರ್. ಮುಕ್ಕೋನ ಖಾಲಿ. ಊಟಕ್ಕೆ ಹೋಗಿ ಬಂದೆ — ಮುಖ. ಆಫ್ ಇದೆ. ಮುಖವೂ ಇದೆ. ಹನೀಫಾಕ ಮುಟ್ಟಿಲ್ಲ, ಫರಂಗಿಪೇಟೆಗೆ ಹೋಗಿದ್ದರು.

ಮೂರು ಸಲ ಹಾಗೆಯೇ. ಕೊನೆಗೆ ಕೈಯಲ್ಲೇ ಒಂದೊಂದು ಫ್ರೇಮಿಗೆ ಕಪ್ಪು ಮಾಸ್ಕ್ ಹಾಕಿದೆ. "ಸೇಸಮ್ಮಕ್ಕ, ಕ್ಷಮಿಸಿ" ಎಂದು ಗಟ್ಟಿಯಾಗಿ ಹೇಳಿದೆ. ಹೇಳಿದೆ, ಹೌದು. ಇಲ್ಲದ್ದನ್ನು ಇದೆ ಎಂದು ತೋರಿಸಿದರೆ, ಇದ್ದವಳನ್ನು ಇಲ್ಲ ಎಂದವರಿಗೂ ನನಗೂ ಏನು ವ್ಯತ್ಯಾಸ? ಆ ಒಂದು ಮುಖ ಹಿಡಿದು ಅವರ ವಕೀಲ ಇಡೀ ವೀಡಿಯೋವನ್ನೇ ಸುಳ್ಳೆನ್ನುತ್ತಾನೆ. ಪಟ್ಟಿ, ಏಪ್ರನ್, ಗೋಣಿ, ಚಿಲಕ, ಎಲ್ಲ ಹೋಗುತ್ತದೆ.

ಆಮೇಲೆ ಮುಖ ಬರಲಿಲ್ಲ. ಬರಲಿಲ್ಲ ಎಂದು ಸಮಾಧಾನವೂ ಆಗಲಿಲ್ಲ.

ಫೆಬ್ರವರಿ 19, ಸಂಜೆ 4

ಅಕ್ಷಿತಾ. ಬಲಗೈಯನ್ನು ಶಾಲಿನೊಳಗೆ ಸುತ್ತಿಕೊಂಡೇ ಬಂದಳು. ಮದರಂಗಿ ಎಲ್ಲ ಮಾಸಿದೆ. ಉಗುರಿನಲ್ಲಿ ಮಾತ್ರ ಕೆಂಪು ಉಳಿದಿದೆ.

"ಅಕ್ಕ, ಆ ಕೈಗೆ ಬ್ಲರ್ ಹಾಕ್ಲಿಕ್ಕೆ ಆಗ್ತದಾ?"

"ಆಗ್ತದೆ."

"ಹಾಕಿ ಅಕ್ಕ. ದಮ್ಮಯ್ಯ."

"ಕೈಗೆ ಹಾಕಿದ್ರೆ ಚಿಲಕವೂ ಹೋಗ್ತದೆ ಅಕ್ಷಿತಾ."

ನೆಲದ ಮೇಲೆಯೇ ಕುಳಿತಳು. "ಹತ್ತು ಗಂಟೆಗೆ ಚಿಲಕ ಹಾಕ್ಬೇಕು ಅಂತ ಸೂಪರ್‌ವೈಸರ್ ಹೇಳಿದ್ದು. ತೂಕ ಆಗುವ ಮೊದಲು ಯಾರೂ ಹೊರಗೆ ಹೋಗ್ಬಾರ್ದು ಅಂತ. ದಿನಕ್ಕೊಬ್ಬರು ಹಾಕುದು. ಅದರ ಹಿಂದಿನ ದಿನ ಕಾಂತಿಯಕ್ಕ. ಅದಕ್ಕೂ ಮೊದಲಿನ ದಿನ ಸೇಸಮ್ಮಕ್ಕನೇ. ಆ ದಿನ ನಂದು, ಅದೂ ಹತ್ತು ನಿಮಿಷ ತಡ. ನನ್ನ ದಿನವೇ ಆಗ್ಬೇಕಿತ್ತಾ ಅಕ್ಕ?" ಉಗುರಿನ ಕೆಂಪು ಉಜ್ಜುತ್ತಾ, "ಸೇಸಮ್ಮಕ್ಕ ಬಾಗಿಲು ಬಡಿದದ್ದು ಈಗಲೂ ಕೇಳ್ತದೆ. ನಾನು ಆಚೆ ಶೆಡ್ಡಿನಲ್ಲಿದ್ದೆ. ಮೆಷಿನು ಅಂತ ಗ್ರಹಿಸಿದೆ."

ಎಂಥ ಕಲೆ ಈ ಕಂಪನಿಯವರದು. ಬಾಗಿಲು ಅವರದು, ಹಬೆ ಅವರದು, ಲಾಭ ಅವರದು. ಚಿಲಕ ಎಳೆಯುವ ಕೈ ಮಾತ್ರ ನಮ್ಮದು. ಒಬ್ಬಳನ್ನು ಇನ್ನೊಬ್ಬಳ ಕೈಯಿಂದ ಕೂಡಿಹಾಕಿಸಿ, ರಾತ್ರಿ ಇಬ್ಬರಿಗೂ ನಿದ್ದೆ ಬರದ ಹಾಗೆ ಮಾಡಿ, ಅವರು ಬೆಳಿಗ್ಗೆ ಬಂದು ಹೇಳುತ್ತಾರೆ: ಚಿಲಕವೇ ಇರಲಿಲ್ಲ!

ಬ್ಲರ್ ಹಾಕಲಿಲ್ಲ. ಕರ್ಸರ್ ಕೈಯ ಮೇಲೆ ಬಹಳ ಹೊತ್ತು ನಿಂತಿತ್ತು. ಬರೆದಿಡುತ್ತೇನೆ, ಸುಳ್ಳು ಹೇಳುವುದಿಲ್ಲ.

ಫೆಬ್ರವರಿ 21

ಮೆಲ್ಕಾರಿನಲ್ಲಿ ಸಭೆ. ತುಕ್ರಪ್ಪಣ್ಣ ತಲೆ ಕೆರೆದುಕೊಂಡರು. "ಈ ವೀಡಿಯೋ ಲೇಬರ್ ಆಫೀಸಿಗೆ ಹೋದ್ರೆ ಕೇಸು ಈ ಹುಡುಗಿಯ ತಲೆಗೆ ಕಟ್ತಾರೆ. ನೋಡ್ತಾ ಇರಿ."

ಕಾಂತಿಯಕ್ಕ ಎದ್ದು ನಿಂತರು. "ಯಾಕೆ ಇವಳೊಬ್ಬಳ ತಲೆಗೆ? ನಾನು ಹಾಕಿಲ್ವಾ ಚಿಲಕ? ಕಾಗದ ತನ್ನಿ. ಬರೀರಿ, ಕಾಂತಿ, ಹನ್ನೊಂದು ವರ್ಷ, ತಿಂಗಳಿಗೊಂದು ಸಲ, ಸೂಪರ್‌ವೈಸರ್ ಹೇಳಿದ್ದಕ್ಕೆ."

ಒಬ್ಬೊಬ್ಬರೇ ಬಂದರು. ಸಹಿ, ಹೆಬ್ಬೆಟ್ಟು ಸೇರಿ ಇಪ್ಪತ್ಮೂರು. ಕಪ್ಪು ಹೆಬ್ಬೆರಳಿಗೆ ಇಂಕು ಬೇಕೇನೇ ಎಂದು ಯಾರೋ ನಕ್ಕರು. ಎಷ್ಟು ದಿನದ ಮೇಲೆ ನಗು ಕೇಳಿದ್ದು.

ಅಕ್ಷಿತಾ ಕೊನೆಗೆ ಹಾಕಿದಳು. ವಿಸ್ಮಿತಾ ಅವಳ ಹತ್ತಿರ ಹೋಗಿ ನಿಂತಳು. ಸಭೆ ಮುಗಿದಾಗ, "ಬಸ್ಸಿಗೆ ಒಟ್ಟಿಗೆ ಹೋಗುವ" ಎಂದಳು.

ಫೆಬ್ರವರಿ 22, ಶನಿವಾರ

ಲೇಬರ್ ಆಫೀಸಿನಿಂದ ಫೋನು, ವಿಚಾರಣೆಗೆ. ಕಂಪನಿಯವರೂ ಬರುತ್ತಾರಂತೆ. ವೀಡಿಯೋ ಹಾಕಿ ತೋರಿಸಬಹುದು. ಒಳಗೆ ನಮ್ಮ ಕಡೆಯಿಂದ ಐದೇ ಜನ: ತುಕ್ರಪ್ಪಣ್ಣ, ಕಾಂತಿಯಕ್ಕ, ವಿಸ್ಮಿತಾ, ಅಕ್ಷಿತಾ, ನಾನು. ಉಳಿದವರು ಹೊರಗೆ, ಗೇಟಿನಲ್ಲಿ.

ಹಸಿರು ತುಂಡು ಕವರಿನಲ್ಲಿದೆ. ಸಹಿಯ ಕಾಗದ ಇದೆ. ವೀಡಿಯೋ ಎರಡು ಪೆನ್‌ಡ್ರೈವಿನಲ್ಲಿದೆ. ಮುಖದ ಜಾಗ ಕಪ್ಪು, ಈಗ ತಾನೇ ಮತ್ತೆ ನೋಡಿದೆ. ಅಕ್ಷಿತಾಳ ಆ ಹೂವಿನ ಸ್ಟೇಟಸ್ಸನ್ನೂ ಒಮ್ಮೆ ಹಾಕಿ ನೋಡಿದೆ. ಆರು ಹೆಂಗಸರು. ಮೊದಲಿನ ಹಾಗೆ ನಡುವಿಗೆ ಬರಲಿಲ್ಲ. ಸುತ್ತ ನಿಂತೇ ಇದ್ದರು. ಹತ್ತೊಂಬತ್ತು ಸೆಕೆಂಡೂ.

ವಿಸ್ಮಿತಾ ಮೂಡುಬಿದಿರೆಯಿಂದ ಫೋನ್ ಮಾಡಿದಳು.

"ಅಕ್ಕ, ಐದು ಜನ ಅಂತ ಹೇಳಿದ್ರಾ?"

"ಹೌದು. ಐದೇ."

"ಕುರ್ಚಿ ಆರು ಹಾಕ್ಲಿಕ್ಕೆ ಹೇಳಿ."

 ಆಫೀಸಿಗೆ ತಿರುಗಿ ಫೋನ್ ಮಾಡಿ ಹೇಳಿದೆ. ಆರು ಕುರ್ಚಿ.

ವಿಚಾರಣೆ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.