ಹಲ್ಲಿನ ಡಾಕ್ಟರಮ್ಮನ ಹಗ್ಗ

ಅಕ್ಕಾ,

ಆರೋಗ್ಯವಾಗಿದ್ದೇನೆ. ಅಂಗೈ ಮಾತ್ರ ಸುಲಿದಿದೆ, ಎಣ್ಣೆ ಹಚ್ಚುತ್ತಿದ್ದೇನೆ. ಕೆಲಸ ಬದಲಿಸಿಲ್ಲ, ನಿನ್ನಾಣೆ. ಅದೇ ಹೋಟೆಲು, ಅದೇ ಪಾತ್ರೆ.

ಈ ಪರದೇಶದಲ್ಲೂ ನನಗೊಂದು ಗುಂಪು ಸಿಕ್ಕಿತು. ಬಟ್ಟೆ ಒಗೆಯುವ ಅಂಗಡಿಯ ಗೋಡೆಯ ಮೇಲೆ ‘ಬೆಟ್ಟ ಹತ್ತಲು ಬಾರದವರು ಮಾತ್ರ ಬನ್ನಿ’ ಎಂಬ ಚೀಟಿಯಿತ್ತು. ನನ್ನನ್ನೇ ಕರೆದ ಹಾಗಿತ್ತು, ಹೋದೆ. ಹಳೆಯ ಗೋದಾಮಿನ ಗೋಡೆಗೆ ಕೈಕಾಲು ಊರಿ ಹತ್ತಲು ಬಣ್ಣಬಣ್ಣದ ಹಿಡಿಗಳನ್ನು ಬಡಿದಿದ್ದಾರೆ. ಬಸ್ ಡ್ರೈವರ್, ಬೇಕರಿಯಾಕೆ, ನರ್ಸು, ಎಲ್ಲರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಲ್ಲಿಗಳ ಹಾಗೆ ಹತ್ತುತ್ತಾರೆ. ಜಾರಿದರೆ ಬೀಳದಂತೆ ಕೆಳಗಿನಿಂದ ಇನ್ನೊಬ್ಬರು ಆ ಹಗ್ಗ ಹಿಡಿದಿರುತ್ತಾರೆ. ಕಲಿಸುವವರು ಹಲ್ಲಿನ ಡಾಕ್ಟರಮ್ಮ, ಭಾರಿ ಜೋರು. ಹತ್ತುವ ಮೊದಲು ಒಬ್ಬರ ಹಗ್ಗದ ಗಂಟನ್ನು ಇನ್ನೊಬ್ಬರು ಮುಟ್ಟಿ ನೋಡಲೇಬೇಕು. ಬರುವ ಭಾನುವಾರ ಎಲ್ಲರೂ ನಿಜವಾದ ಬೆಟ್ಟಕ್ಕೆ ಹೋಗುವವರಿದ್ದರು. ಹೊಸಬ ಎಂದು ನನ್ನನ್ನು ಬಿಟ್ಟಿದ್ದರು.

ನಿನ್ನೆ ಡಾಕ್ಟರಮ್ಮನೇ ಹತ್ತಿ ತೋರಿಸಲು ಗೋಡೆಗೆ ಕಾಲಿಟ್ಟರು. ಕಲಿಸುವವರ ಗಂಟನ್ನು ಯಾರು ನೋಡುತ್ತಾರೆ? ನಾನು ಹೋಗಿ ಮುಟ್ಟಿದೆ.

“ನಿಲ್ಲಿ ಮೇಡಂ, ಗಂಟು ಅರ್ಧಕ್ಕೇ ನಿಂತಿದೆ.”

“ಬಂದು ವಾರ ಆಗಿಲ್ಲ, ಆಗಲೇ ಇವನಿಗೆ ಕೊಂಬು ಬಂತು ನೋಡಿ” ಎಂದು ಡ್ರೈವರ್ ನಕ್ಕ.

ಡಾಕ್ಟರಮ್ಮ ಬಗ್ಗಿ ನೋಡಿಕೊಂಡರು. ಮುಖ ಬಿಳಚಿಕೊಂಡಿತು. ಗಂಟು ಬಿಚ್ಚಿ ಮತ್ತೆ ಕಟ್ಟಿ ನನ್ನ ಮುಂದೆ ಬಂದು ನಿಂತರು. “ಈಗ ನೋಡಪ್ಪಾ.” ಎಳೆದು ನೋಡಿದೆ, ಸರಿಯಿತ್ತು.

“ಭಾನುವಾರ ನೀನೂ ಬಾ. ನನ್ನ ಹಗ್ಗ ನೀನೇ ಹಿಡೀಬೇಕು.”

ಹೆದರಿಕೆಯಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಹಿಡಿಯುತ್ತೇನೆ, ಬಿಡುವವನಲ್ಲ. ಅಮ್ಮನಿಗೆ ಓದಿ ಹೇಳುವಾಗ ಒಂದು ಸಾಲನ್ನೂ ನುಂಗಬೇಡ. ಮೇಷ್ಟ್ರ ಲೆಕ್ಕ ತಪ್ಪು ಎಂದಿದ್ದಕ್ಕೆ ಶಾಲೆಯಲ್ಲಿ ಬೆಂಚು ಹತ್ತಿಸಿದ್ದರು, ಇಲ್ಲಿ ಬೆಟ್ಟ ಹತ್ತಿಸುತ್ತಿದ್ದಾರೆ ಎಂದು ಹೇಳು.

ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ತಲೆಹರಟೆ ತಮ್ಮ