ಹದಿನಾಲ್ಕನೇ ಅಂಗಡಿಯ ಹೊಸ್ತಿಲು

ಭಾನುವಳ್ಳಿ
ಶುಕ್ರವಾರ

ನನ್ನ ಬಂಗಾರದಂಥ ಮೊಮ್ಮಗಳು ಚೈತ್ರಾಳಿಗೆ, ಅಜ್ಜಿ ಮರಿಯವ್ವನ ಆಶೀರ್ವಾದ.

ನಾಲ್ಕನೇ ಕ್ಲಾಸು ಓದಿದವಳ ಅಕ್ಷರ, ಕಷ್ಟವಾದರೂ ಪೂರ್ತಿ ಓದು. ಫೋನು ಮಾಡಿದರೆ ನಿನ್ನ ಗಂಡ ಮಾಲತೇಶ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾನೆ. ಅದಕ್ಕೇ ಹರಿಹರದ ನಮ್ಮ ಅಂಗಡಿಯಲ್ಲಿ ಬಳೆ ಮಾರುವ ಖತೀಜಾಬೀಯ ಮಗಳು ಶಾಹಿಸ್ತಾಳ ಕೈಲಿ ಈ ಕಾಗದ ಕಳಿಸಿದ್ದೇನೆ. ಓದಿ ಹರಿದುಹಾಕು.

ಸೋಮವಾರ ಆ ಅಂಗಡಿಯನ್ನು ಫೈನಾನ್ಸಿನವರಿಗೆ ಅಡ ಇಟ್ಟು ನೀನು ಸಹಿ ಹಾಕಬೇಕಂತೆ. ಆ ಸಾಲದಲ್ಲಿ ದಾವಣಗೆರೆ ಹಳೇ ಪೇಟೆಯೊಳಗೆ ಕರಿಬಸವರಾಜ ಕಟ್ಟಿಸುತ್ತಿರುವ ಕಾಂಪ್ಲೆಕ್ಸಿನ ಹದಿನಾಲ್ಕನೇ ಅಂಗಡಿ ನಿಮ್ಮದಾಗುತ್ತದಂತೆ. ಕಟ್ಟಡ ಮುಗಿಯುವ ಮೊದಲೇ ತಿಂಗಳು ತಿಂಗಳು ಬಾಡಿಗೆಯೂ ಬರುತ್ತದಂತೆ.

ಸಹಿ ಹಾಕಬೇಡ, ತಾಯಿ.

ಹೋದ ವಾರ ಮಾಲತೇಶ ಬಂದಾಗ ಕೇಳಿದ್ದಕ್ಕೆ, ‘ಅಜ್ಜಿ, ಕಮರ್ಷಿಯಲ್ ಅಂದ್ರೆ ನಿಮಗೇನ್ ಗೊತ್ತೈತೆ, ಸುಮ್ನೆ ಕೂಡ್ರಿ’ ಅಂದ. ‘ಕರು ಹಾಕದ ಎಮ್ಮೆ ಹಾಲು ಕೊಡ್ತೈತೆ ಅಂದ್ರೆ, ಆ ಹಾಲು ಯಾರ ಮನೆ ಎಮ್ಮೇದು ಅಂತ ಕೇಳ್ಬೇಕಪ್ಪ’ ಅಂದೆ. ನಕ್ಕ. ನಗಲಿ, ಅವನ ಹಲ್ಲು.

ಬುಧವಾರ ಖತೀಜಾಬೀಯನ್ನು ಎಳೆದುಕೊಂಡು ಬಸ್ಸು ಹತ್ತಿ ಆ ಕಾಂಪ್ಲೆಕ್ಸನ್ನು ನೋಡಿಯೇ ಬಂದೆ. ‘ನಿಮ್ ಮೊಣಕಾಲಿಗೆ ಮೆಟ್ಲು ಹತ್ತಕಾಗಲ್ಲ, ಬಾಯಿ ಮಾತ್ರ ಯಾವ ಗುಡ್ಡನಾದ್ರೂ ಹತ್ತತೈತೆ’ ಎಂದು ದಾರಿಯುದ್ದಕ್ಕೂ ಗೊಣಗಿದಳು. ಕೆಳಗೆ ಅವನ ಆಫೀಸಿನಲ್ಲಿ ಗಾಜು, ಪ್ಲಾಸ್ಟಿಕ್ ಹೂವು, ಕುಡಿಯಲು ಬಾದಾಮಿ ಹಾಲು. ಮೇಲೆ ಹೋದರೆ ಶಟರ್ ಇಲ್ಲ, ಕರೆಂಟಿನ ವೈರಿಲ್ಲ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಹದಿನಾಲ್ಕು ಅಂತ ಬರೆದಿತ್ತು. ಮುಂಗಡ ಕೊಟ್ಟ ಅಮಾವಾಸ್ಯೆಗೆ ನೀವು ಕಾಯಿ ಒಡೆದು ಫೋಟೋ ಕಳಿಸಿದ್ದಿರಲ್ಲ, ಅದೇ ಹೊಸ್ತಿಲು.

ಆ ಹೊಸ್ತಿಲಿಗೆ ಮೂರು ಪೂಜೆ ಆಗಿತ್ತು ಚೈತ್ರಾ. ಒಂದರ ಚೆಂಡುಹೂವು ಒಣಗಿ ಪುಡಿಯಾಗಿತ್ತು. ಇನ್ನೊಂದರ ನಿಂಬೆಹಣ್ಣು ಕೊಳೆತಿತ್ತು. ಮೂರನೆಯದರ ಕುಂಕುಮ ಇನ್ನೂ ಹಸಿ. ಹದಡಿ ಊರಿನ ಗಂಡ ಹೆಂಡತಿ ಕಾಯಿ ಹೋಳು ಎತ್ತಿಕೊಳ್ಳುತ್ತಿದ್ದರು. ಯಾರದಮ್ಮ ಅಂಗಡಿ ಅಂದರೆ, ಆ ಹೆಣ್ಣುಮಗಳು ‘ನಮ್ದೇ ಅಜ್ಜಿ, ಎರಡೆಕ್ರೆ ಮಾರಿ ತಗಂಡ್ವಿ’ ಎಂದು ನನ್ನ ಕೈಗೆ ಕಾಯಿಚೂರು, ಸಕ್ಕರೆ ಇಟ್ಟಳು. ಸೆರಗಿನ ತುದಿಗೆ ಕಟ್ಟಿಕೊಂಡೆ.

ಇದೇ ಅಂಗಡಿಗೆ ನನ್ನ ಮೊಮ್ಮಗಳೂ ಮುಂಗಡ ಕೊಟ್ಟಿದ್ದಾಳೆ ಎಂದು ಹೇಳಲು ಬಾಯಿ ತೆರೆದೆ. ಹಿಂದೆ ಕರಿಬಸವರಾಜ ನಿಂತಿದ್ದ. ‘ಅಜ್ಜಿ, ಕಾಲುನೋವು ಇಟ್ಕಂಡು ಯಾಕ ಬಂದ್ರಿ? ಒಂದ್ ಮಾತು ಅಂದಿದ್ರೆ ಕಾರೇ ಕಳಿಸ್ತಿದ್ದೆ’ ಅಂದ. ನಗುನಗುತ್ತಲೇ ನನ್ನ ತೋಳು ಹಿಡಿದ. ರಸ್ತೆ ಬರುವವರೆಗೂ ಬಿಡಲಿಲ್ಲ. ಇಂದಿಗೂ ಅಲ್ಲಿ ಮುಟ್ಟಿದರೆ ನೋವಿದೆ.

ಅವನಿಗೆ ನಿಮ್ಮ ಗುರುತು ಹೇಗೆ ಎಂದು ಖತೀಜಾಬೀ ಬಸ್ಸಿನಲ್ಲಿ ಎರಡು ಸಲ ಕೇಳಿದಳು. ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡೆ.

ನಿನ್ನ ಅವ್ವ ತೀರಿಕೊಂಡಾಗ ನಿನ್ನ ಹೆಸರಿಗೆ ಮಾಡಿಸಿದ್ದು ಹರಿಹರದ ಆ ಅಂಗಡಿಯೊಂದೇ. ಅದು ಹೋದರೆ ನೀನೂ ಬೀದಿಗೆ, ಖತೀಜಾಬೀಯೂ ಬೀದಿಗೆ. ಮಾಲತೇಶ ಮುನಿಸಿಕೊಂಡು ಊಟ ಬಿಟ್ಟರೆ ಬಿಡಲಿ. ಹಸಿದಾಗ ತಾನೇ ತಟ್ಟೆ ಹುಡುಕುತ್ತಾನೆ.

ನಿನ್ನನ್ನು ಎತ್ತಿ ಆಡಿಸಿದ ಅಜ್ಜಿ,
ಮರಿಯವ್ವ

ತಾ.ಕ.: ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಮುಖವಿರಲಿಲ್ಲ. ಮಾಲತೇಶನಿಗೆ ಆ ಮನುಷ್ಯನನ್ನು ತೋರಿಸಿದವಳು ನಾನೇ. ಕಾಲುವೆ ಕೆಳಗಿನ ಜಮೀನು ಮಾರಿದ ದುಡ್ಡನ್ನು ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಯಲ್ಲಿ ಆ ಕರಿಬಸವರಾಜನ ಕೈಗಿಟ್ಟೆ. ಅಜ್ಜಯ್ಯನ ಮುಂದೆ ಎಲೆಅಡಿಕೆ ಹಿಡಿದು ಮಾತು ಕೊಟ್ಟವನ ಹತ್ತಿರ ಕಾಗದ ಕೇಳಿದರೆ ದೇವರನ್ನೇ ಅನುಮಾನಿಸಿದಂತೆ ಅಂದುಕೊಂಡೆ. ಎಂಟು ತಿಂಗಳು ಬಾಡಿಗೆ ಅಂತ ಕೊಟ್ಟದ್ದನ್ನು ತಿಂದೆ, ಯಾರದೆಂದು ಕೇಳಲಿಲ್ಲ. ಈಗ, ‘ಚೈತ್ರಾ ಸಹಿ ಹಾಕಿದ ದಿನ ನಿಮ್ಮ ದುಡ್ಡು ವಾಪಸ್’ ಅನ್ನುತ್ತಿದ್ದಾನೆ. ಸೋಮವಾರ ನಿಮ್ಮ ಮನೆಗೆ ಕಾರು ತರುತ್ತಾನೆ. ಒಳಗೆ ನಾನೂ ಕೂತಿರುತ್ತೇನೆ; ಬರುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೇನೆ. ಬಾ ಮಗಳೇ, ಏನೂ ಆಗಲ್ಲ ಎಂದು ನಾನೇ ಕೈಮಾಡಿ ಕರೆದರೂ ಹತ್ತಬೇಡ.