ವೇಸ್ಟ್‌ಗೇಟ್ ಪೈಪಿನ ಬಾಯಿಗೆ ಸ್ಕ್ರೂ

ಮಾರ್ಚ್ ೧೨, ಮಂಗಳವಾರ

ಭಾವನಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಯಿತು. ಭಾನುವಾರದ ರೇಸಿಗೆಂದು ಎರಡು ತಿಂಗಳು ಕೂತು ಕಟ್ಟಿಕೊಟ್ಟ ಎಂಜಿನ್ ಅದು. ಇವತ್ತು ಮಧ್ಯಾಹ್ನ ಕಾರನ್ನು ಗ್ಯಾರೇಜಿಗೆ ತಂದು, “ಏರು ಹತ್ತುವಾಗ ಯಾಕೋ ಟಕಟಕ ಅಂತಿದೆ, ಸ್ವಲ್ಪ ನೋಡು” ಎಂದರು. ಪಕ್ಕದ ಸೀಟಿನಲ್ಲಿ ಅಕ್ಕ ಬಿಳುಚಿಕೊಂಡು ಕೂತಿದ್ದಳು.

ಬಾನೆಟ್ ಎತ್ತಿದರೆ ನನ್ನ ಪಿತ್ತ ನೆತ್ತಿಗೇರಿತು. ಎಂಜಿನ್ನಿಗೆ ಗಾಳಿ ತುರುಕುವ ಟರ್ಬೋದ ಒತ್ತಡ ಮಿತಿ ಮೀರುವಾಗ ಒಂದು ಸಣ್ಣ ರಬ್ಬರ್ ಪೈಪ್ ಅದನ್ನು ವೇಸ್ಟ್‌ಗೇಟಿಗೆ ಮುಟ್ಟಿಸುತ್ತದೆ, ಗೇಟು ತೆರೆದು ಎಂಜಿನ್ನಿನ ಹೊಗೆ ಟರ್ಬೋ ಚಕ್ರವನ್ನು ತಿರುಗಿಸದೆ ಬೇರೆ ದಾರಿ ಹಿಡಿಯುತ್ತದೆ ಎಂದು ಈ ಮನುಷ್ಯನಿಗೆ ಚಿತ್ರ ಬರೆದು ತೋರಿಸಿದ್ದೆ. ಅದೇ ಪೈಪ್ ಕಿತ್ತು, ಬಾಯಿಗೆ ಸ್ಕ್ರೂ ತುರುಕಿದ್ದಾರೆ! ಇನ್ನು ಬೂಸ್ಟಿಗೆ, ಅಂದರೆ ಆ ಒತ್ತಡಕ್ಕೆ, ಲಗಾಮು ಎಲ್ಲಿಯದು?

“ನಾನೇನೂ ಮುಟ್ಟಿಲ್ಲಪ್ಪ” ಎಂದರು ಭಾವ.

“ಅದು ನನ್ನ ಹೊಲಿಗೆ ಮಷಿನ್ ಸ್ಕ್ರೂ. ಬೆಳಿಗ್ಗೆಯಿಂದ ಹುಡುಕ್ತಿದೀನಿ” ಎಂದಳು ಅಕ್ಕ.

ಎಂಜಿನ್ ಬಿಚ್ಚಿ ನೋಡಿದೆ. ಮಿತಿಮೀರಿದ ಒತ್ತಡಕ್ಕೆ ಮೂರನೇ ಪಿಸ್ಟನ್ ಸೀಳಿಹೋಗಿತ್ತು. ಭಾನುವಾರದ ಆಸೆ ಅಲ್ಲಿಗೆ ಮುಗಿಯಿತು. “ಪಿಸ್ಟನ್ನೇ ಸರಿಯಿರಲಿಲ್ವೇನೋ” ಎಂದರು ಭಾವ. ನಾನು ಸ್ಪ್ಯಾನರ್ ಕೆಳಗಿಟ್ಟೆ. ಕೈಯಲ್ಲಿ ಇರುವುದು ಒಳ್ಳೆಯದಲ್ಲ ಅನಿಸಿತು.

ಅಕ್ಕ ಕಾರಿನ ಕೀ ಕಿತ್ತುಕೊಂಡು ನನಗೆ ಕೊಟ್ಟಳು. “ನೀನೇ ಇಟ್ಕೋ. ಇವರ ಕೈಗೆ ಮಾತ್ರ ಕೊಡ್ಬೇಡ. ನಾವು ಬಸ್ಸಲ್ಲಿ ಹೋಗ್ತೀವಿ.”

ಬಾಗಿಲ ಹತ್ತಿರ ಭಾವ ತಿರುಗಿ ನಿಂತರು. “ಆದ್ರೂ, ಗಾಡಿ ಏನ್ ಎಳೀತು ಗೊತ್ತಾ!”

ನನ್ನ ಬಾಯಿಗಿಷ್ಟು ಬೆಂಕಿ ಬೀಳ, “ಮೀಟರಲ್ಲಿ ಬೂಸ್ಟ್ ಮುಳ್ಳು ಎಲ್ಲಿವರೆಗೂ ಹೋಯ್ತು, ಭಾವ?” ಎಂದು ಕೇಳಿಬಿಟ್ಟೆ.

 ಅಕ್ಕ ನನ್ನ ಕೈಯಿಂದಲೂ ಕೀ ವಾಪಸ್ ತೆಗೆದುಕೊಂಡು ಹೋದಳು. ಈಗ ಫೋನ್ ಮಾಡಿದರೆ ಎತ್ತುತ್ತಿಲ್ಲ, ಅವಳ ಲೆಕ್ಕದಲ್ಲಿ ಇನ್ನು ನಾನೂ ಭಾವನ ಸಾಲಿಗೇ ಸೇರಿದವನು.